ಹೊಸ್ತಿಲ ಒಳಗಿನ ಕಾವಲು

ಶಿರಸಿಯ ಹತ್ತಿರದ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿಬಂದವರು ಅಲ್ಲಿಯ ನಾಯಿಯ ಬಗ್ಗೆ ಸಾಮಾನ್ಯವಾಗಿ ಒಂದೇ ತೀರ್ಪು ಕೊಡುತ್ತಾರೆ. ನೋಡುವುದಕ್ಕೆ ಬಹಳ ಚಂದ, ಆದರೆ ಸ್ವಭಾವ ಸರಿಯಿಲ್ಲ. ತಾಶಿ ಎಂಬ ಆ ನಾಯಿ ಲಾಸಾ ಅಪ್ಸೊ ಎಂಬ ಟಿಬೆಟಿನ ತಳಿಯದು. ಹೆಗಲಿನವರೆಗೆ ಅಳೆದರೆ ಒಂದು ಗೇಣಿಗಿಂತ ತುಸುವೇ ಹೆಚ್ಚು ಎತ್ತರ, ಜೇನುಬಣ್ಣದ ಉದ್ದ ಕೂದಲು, ಬೆನ್ನಿನ ಮೇಲೆ ಸುರುಳಿಯಾಗಿ ಬಿದ್ದಿರುವ ಬಾಲ, ಹಣೆಯಿಂದ ಇಳಿದು ಕಣ್ಣನ್ನೇ ಮುಚ್ಚುವ ಕುಚ್ಚು. ಬಂದವರು ಅದನ್ನು ಕಂಡೊಡನೆ ಎತ್ತಿಕೊಳ್ಳಲೆಂದು ಎರಡೂ ಕೈ ಚಾಚುತ್ತಾರೆ. ತಾಶಿ ಎರಡು ಹೆಜ್ಜೆ ಹಿಂದೆ ಸರಿದು, ನಾಲ್ಕೂ ಕಾಲುಗಳನ್ನು ಊರಿ ನಿಂತು, ಆ ಪುಟ್ಟ ಮೈಯಿಂದ ಯಾರೂ ನಿರೀಕ್ಷಿಸದಷ್ಟು ದಪ್ಪ ದನಿಯಲ್ಲಿ ಬೊಗಳುತ್ತದೆ. ಕೈ ಚಾಚಿದವರಿಗೆ ಅವಮಾನವಾಗುತ್ತದೆ. ಮನೆಯವರು ನಾಯಿಯನ್ನು ಗದರುತ್ತಾರೆ. ಚಿಕ್ಕಮ್ಮ ಮಾತ್ರ ಗದರುವುದಿಲ್ಲ. ಬಂದವರ ಬಾಯಾರಿಕೆಗೆಂದು ಆಸರಿಗೆಯ ಚೊಂಬನ್ನು ಜಗಲಿಗೆ ತಂದಿಡುತ್ತ, "ಅದು ಕಚ್ತಿಲ್ಲೆ, ನೋಡ್ತು ಅಷ್ಟೇಯ" ಎಂದು ಸುಮ್ಮನಾಗುತ್ತಾಳೆ.

ಈ 'ಸ್ವಭಾವ ಸರಿಯಿಲ್ಲ' ಎನ್ನುವ ಮಾತು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ದೊಡ್ಡ ನಾಯಿಯೊಂದು ಅಪರಿಚಿತನನ್ನು ಕಂಡು ಬೊಗಳಿದರೆ ನಾವು ಅದನ್ನು ಒಳ್ಳೆಯ ನಾಯಿ ಎನ್ನುತ್ತೇವೆ. ಅದೇ ಕೆಲಸವನ್ನು ಆರೇಳು ಕಿಲೋ ತೂಗುವ ನಾಯಿ ಮಾಡಿದರೆ ಅದಕ್ಕೆ ಸೊಕ್ಕು ಎನ್ನುತ್ತೇವೆ. ಸಣ್ಣ ನಾಯಿ ಎಂದರೆ ಮಡಿಲಿಗೆ ಬೇಕಾದದ್ದು, ಮುದ್ದಿಗೆ ಒಪ್ಪಿಸಿಕೊಳ್ಳಬೇಕಾದದ್ದು ಎಂದು ನಾವು ಮೊದಲೇ ನಿಶ್ಚಯಿಸಿಬಿಟ್ಟಿದ್ದೇವೆ. ಅಂತರರಾಷ್ಟ್ರೀಯ ಶ್ವಾನಸಂಘಗಳ ಪಟ್ಟಿಯಲ್ಲಿಯೂ ಈ ತಳಿ ಇರುವುದು ಒಂಬತ್ತನೆಯ ಗುಂಪಿನಲ್ಲಿ, ಅಂದರೆ ಒಡನಾಟಕ್ಕಾಗಿ ಸಾಕುವ ನಾಯಿಗಳ ಗುಂಪಿನಲ್ಲಿ, ಪಗ್ ಮತ್ತು ಚಿವಾವಾಗಳ ಸಾಲಿನಲ್ಲಿ. ಆದರೆ ಅಪ್ಸೊದ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಅದು ಯಾರ ಮಡಿಲಿಗಾಗಿಯೂ ಹುಟ್ಟಿದ ನಾಯಿಯಲ್ಲ ಎನ್ನುವುದು ತಿಳಿಯುತ್ತದೆ. ಅದಕ್ಕೆ ಒಂದು ಉದ್ಯೋಗವಿತ್ತು. ಆ ಉದ್ಯೋಗ ಹೋಗಿ ಎಷ್ಟೋ ದಶಕಗಳಾದವು. ನಾಯಿ ಮಾತ್ರ ಇನ್ನೂ ರಾಜೀನಾಮೆ ಕೊಟ್ಟಿಲ್ಲ.

ಎರಡು ಕಾವಲು

ಟಿಬೆಟಿನ ಮನೆ ಮತ್ತು ಮಠಗಳಲ್ಲಿ ಕಾವಲನ್ನು ಎರಡು ಬಗೆಯ ನಾಯಿಗಳು ಹಂಚಿಕೊಂಡಿದ್ದವು. ಹೊರಗೆ, ಅಂಗಳದಲ್ಲಿ ಅಥವಾ ಹೆಬ್ಬಾಗಿಲ ಬದಿಯಲ್ಲಿ, ಟಿಬೆಟನ್ ಮ್ಯಾಸ್ಟಿಫ್ ಎಂಬ ಭಾರೀ ನಾಯಿಯನ್ನು ಸರಪಳಿಯಲ್ಲಿ ಕಟ್ಟಿರುತ್ತಿದ್ದರು. ಒಳಗೆ ಅಪ್ಸೊ ಇರುತ್ತಿತ್ತು. ಹೊರಗಿನದು ಬಲದ ಕಾವಲು, ಒಳಗಿನದು ಕಿವಿಯ ಕಾವಲು. ಅಪ್ಸೊಗೆ ಕಳ್ಳನನ್ನು ಕೆಡವುವ ಶಕ್ತಿ ಇಲ್ಲ, ಯಾರೂ ಅದರಿಂದ ಅದನ್ನು ನಿರೀಕ್ಷಿಸಿದವರೂ ಅಲ್ಲ. ಯಾವ ಸದ್ದು ಮನೆಯದು, ಯಾವುದು ಹೊರಗಿನದು, ಮೆಟ್ಟಿಲ ಮೇಲಿನ ಹೆಜ್ಜೆ ಪರಿಚಯದ್ದೋ ಅಲ್ಲವೋ ಎಂಬುದನ್ನು ವಿಂಗಡಿಸಿ, ಅನುಮಾನ ಬಂದರೆ ದನಿಯೆತ್ತುವುದು ಅದರ ಕೆಲಸ. ಮ್ಯಾಸ್ಟಿಫನ್ನು ದಾಟಿ ಒಳಗೆ ಬಂದವನು ಮನೆಯವರ ಅನುಮತಿಯಿಂದ ಬಂದವನೇ ಆಗಿರುತ್ತಾನೆ ಎಂದು ನಾವು ಭಾವಿಸಬಹುದು. ಅಪ್ಸೊ ಹಾಗೆ ಭಾವಿಸುವುದಿಲ್ಲ. ಅದು ಎರಡನೆಯ ಪರೀಕ್ಷೆ.

ಈ ಕೆಲಸಕ್ಕೆ ಬೇಕಾದ ಗುಣಗಳನ್ನು ಪಟ್ಟಿ ಮಾಡಿದರೆ ತಾಶಿಯ ಮೇಲಿರುವ ದೂರುಗಳ ಪಟ್ಟಿಯೇ ಸಿದ್ಧವಾಗುತ್ತದೆ. ಅಪರಿಚಿತರೊಡನೆ ಬೇಗ ಸಲಿಗೆ ಬೆಳೆಸಬಾರದು. ತಿಂಡಿ ತೋರಿಸಿದವರ ಹಿಂದೆ ಹೋಗಬಾರದು. ಯಜಮಾನನ ಅಪ್ಪಣೆಗೆ ಕಾಯದೆ ತಾನೇ ನಿರ್ಧಾರ ಮಾಡಬೇಕು, ಏಕೆಂದರೆ ನಡುರಾತ್ರಿಯಲ್ಲಿ ಅಪ್ಪಣೆ ಕೊಡುವವರು ನಿದ್ದೆಯಲ್ಲಿರುತ್ತಾರೆ. ಇಂಥ ನಾಯಿಯನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಮೇಲೆ, ಅದಕ್ಕೆ 'ಬಾ' ಎಂದರೆ ಬರಬೇಕೋ ಬೇಡವೋ ಎಂದು ಯೋಚಿಸುವ ಅಭ್ಯಾಸ ಉಳಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಶ್ವಾನಸಂಘ ಬರೆದಿಟ್ಟಿರುವ ತಳಿಲಕ್ಷಣದಲ್ಲಿಯೂ ಈ ನಾಯಿ ಲವಲವಿಕೆಯದು, ದಿಟ್ಟ, ಆದರೆ ಹೊಸಬರ ವಿಷಯದಲ್ಲಿ ಎಚ್ಚರಿಕೆಯದು ಎಂಬ ಅರ್ಥದ ಸಾಲು ಇದೆ. ನಾವು ದೋಷವೆನ್ನುವುದನ್ನು ಅವರು ಲಕ್ಷಣವೆಂದು ನಮೂದಿಸಿದ್ದಾರೆ.

ಅದರ ಸಿಂಹದ ಕಥೆಯೂ ಇದೇ ಕಾವಲಿಗೆ ಸೇರಿದ್ದು. ಟಿಬೆಟಿನಲ್ಲಿ ಸಿಂಹಗಳಿಲ್ಲ, ಆದರೂ ಹಿಮಸಿಂಹ ಅಲ್ಲಿಯ ಲಾಂಛನ, ಅವರ ಧ್ವಜದ ಮೇಲೆ ಅಂಥ ಎರಡು ಸಿಂಹಗಳಿವೆ. ಬೌದ್ಧಧರ್ಮದ ಜೊತೆ ಸಿಂಹದ ಕಲ್ಪನೆ ಭಾರತದಿಂದಲೇ ಅಲ್ಲಿಗೆ ಹತ್ತಿಹೋಯಿತು. ಕಂದುಹಳದಿ ಬಣ್ಣದ, ಕೊರಳಿನ ಸುತ್ತ ಕೇಸರವಿದ್ದಂತೆ ಕಾಣುವ ಅಪ್ಸೊವನ್ನು ಜನ ಸಿಂಹದ ಚಿಕ್ಕ ರೂಪವೆಂದು ಮೆಚ್ಚಿಕೊಂಡರು, ಹೊನ್ನಿನ ಛಾಯೆಯ ನಾಯಿಗಳಿಗೆ ವಿಶೇಷ ಮರ್ಯಾದೆ ಸಿಕ್ಕಿತು. ಶಿರಸಿ ತಾಲೂಕಿನವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯ ಕಾಣಬೇಕು. ನಮ್ಮ ಬನವಾಸಿಯ ಕದಂಬರ ಲಾಂಛನವೂ ಸಿಂಹವೇ. ಇಲ್ಲಿಂದ ಹೊರಟ ಕಲ್ಪನೆ ಹಿಮಾಲಯ ದಾಟಿ, ನಾಯಿಯ ಮೈಯಲ್ಲಿ ಸೇರಿಕೊಂಡು, ಮತ್ತೆ ಬನವಾಸಿಯಿಂದ ಬಹಳ ದೂರವಲ್ಲದ ಮುಂಡಗೋಡಕ್ಕೆ ಬಂದು ಇಳಿದಿದೆ.

ಮುಂಡಗೋಡದ ಒಂದು ಮನೆ

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ನಿರಾಶ್ರಿತರಿಗಾಗಿ ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಅನಂತರ 1966ರಲ್ಲಿ ಮುಂಡಗೋಡದಲ್ಲಿ ಕಾಡುಭೂಮಿ ಕೊಟ್ಟಿತು. ಬಂಗಾಳದ ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು 1969ರಲ್ಲಿ ಬಂದು, ಲಾಸಾದ ಬಳಿ ಹದಿನೈದನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಯಾಗಿದ್ದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ನಮ್ಮ ಬಾಲ್ಯದಲ್ಲಿ ಚಳಿಗಾಲ ಬಂತೆಂದರೆ ಪೇಟೆಯ ರಸ್ತೆ ಬದಿಯಲ್ಲಿ ಸ್ವೆಟರ್ ಮಾರುವವರು ಅವರು. ಚಿಕ್ಕಪ್ಪ ಅಂಥ ಒಂದು ಕುಟುಂಬಕ್ಕೆ ತನ್ನ ಪೇಟೆಯ ಕೋಣೆಯಲ್ಲಿ ಸ್ವೆಟರಿನ ಗಂಟುಗಳನ್ನು ಇಡಲು ಜಾಗ ಕೊಡುತ್ತಿದ್ದ. ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಋಣದ ಬಾಬ್ತು ತಾಶಿ ಬಂದದ್ದು.

ಮರಿಯನ್ನು ತರುವ ದಿನ ನಾನೂ ಚಿಕ್ಕಪ್ಪನ ಜೊತೆಗಿದ್ದೆ. ಗೋವಿನಜೋಳದ ಹೊಲಗಳನ್ನು ದಾಟಿ ಕ್ಯಾಂಪಿನೊಳಗೆ ಹೋದರೆ, ಹಂಚಿನ ಒಂದು ತಗ್ಗು ಮನೆ. ಅಂಗಳದಲ್ಲಿ ಪ್ರಾರ್ಥನೆಯ ಬಾವುಟಗಳ ಸಾಲು. ಗೇಟಿನ ಹತ್ತಿರ ನಮ್ಮೂರುಗಳಲ್ಲಿ ಎಲ್ಲೆಲ್ಲಿಯೂ ಇರುವಂಥ ಕಪ್ಪು ನಾಯಿಯೊಂದು ಮಲಗಿತ್ತು. ಅದು ನಮ್ಮನ್ನು ಕಂಡು ಒಂದು ಸಲ ಗುರ್ರೆಂದು, ಮನೆಯ ಹುಡುಗ 'ಹಚಾ' ಎಂದ ಕೂಡಲೆ ಪಕ್ಕಕ್ಕೆ ಸರಿಯಿತು. ಒಳಗಿನ ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಸೊ ಸರಿಯಲಿಲ್ಲ. ಅದು ಕಟ್ಟೆಯಿಂದ ಇಳಿದು ಬಂದು ಹೊಸ್ತಿಲ ಒಳಮಗ್ಗುಲಲ್ಲಿ ನಿಂತು ಬೊಗಳತೊಡಗಿತು. ಮನೆಮಂದಿ 'ಮೋಲಾ' ಎಂದು ಕರೆಯುತ್ತಿದ್ದ ವಯಸ್ಸಾದ ಅಜ್ಜಿ ಜಪಚಕ್ರವನ್ನು ತಿರುಗಿಸುತ್ತ ಅದರ ಹಿಂದೆಯೇ ಬಂದು ನಿಂತಳು. ನಮ್ಮ ಮನೆಗಳಲ್ಲಾದರೆ ಆ ಕ್ಷಣದಲ್ಲಿ ಏನಾಗುತ್ತದೆ ಎನ್ನುವುದು ನಮಗೆಲ್ಲ ಗೊತ್ತು: ನಾಯಿಗೆ ಬೈಗುಳ, ಅತಿಥಿಗೆ ಕ್ಷಮಾಪಣೆ, 'ಬನ್ನಿ ಬನ್ನಿ, ಏನೂ ಮಾಡೋದಿಲ್ಲ' ಎನ್ನುವ ಅವಸರ. ಅಜ್ಜಿ ಅಂಥದ್ದೇನನ್ನೂ ಮಾಡಲಿಲ್ಲ. ನಮ್ಮನ್ನು ನೋಡಿ ನಕ್ಕಳು, ಆದರೆ ಒಳಗೆ ಕರೆಯಲಿಲ್ಲ. ನಾವು ಹೊಸ್ತಿಲ ಹೊರಗೆ ನಿಂತೆವು, ನಾಯಿ ಬೊಗಳಿತು, ನಡುವೆ ನಿಲ್ಲಿಸಿ ಚಿಕ್ಕಪ್ಪನ ಚಪ್ಪಲಿಯನ್ನು ಮೂಸಿತು, ಮತ್ತೆ ನಾಲ್ಕು ಸಲ ಬೊಗಳಿತು, ಆಮೇಲೆ ತನ್ನಷ್ಟಕ್ಕೆ ತಿರುಗಿ ಹೋಗಿ ಕಟ್ಟೆಯನ್ನು ಹತ್ತಿ ಕುಳಿತಿತು. ಆಗ ಅಜ್ಜಿ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, "ಈಗ ಬನ್ನಿ, ಅದರ ಕೆಲಸ ಆಯ್ತು" ಎಂದಳು.

ಬೆಣ್ಣೆಯ ಉಪ್ಪುಚಹಾ ಕುಡಿಯುವಾಗಲೂ (ಅದರ ರುಚಿಯ ಬಗ್ಗೆ ನಾನು ಇಲ್ಲಿ ಏನನ್ನೂ ಬರೆಯುವುದಿಲ್ಲ) ನನ್ನ ತಲೆಯಲ್ಲಿ ಆ ಹೊಸ್ತಿಲೇ ಇತ್ತು. ನಾಯಿಯ ಬೊಗಳುವಿಕೆ ಅವರ ಮನೆಯಲ್ಲಿ ಒಂದು ವಿಧಿ. ಅದು ಮುಗಿಯುವವರೆಗೆ ಮನೆಯೊಡತಿಯೂ ಕಾಯಬೇಕು. ಹಾಗೆ ಕಾಯುವುದರಿಂದ ನಾಯಿಗೆ ತನ್ನ ಮಾತನ್ನು ಯಾರೋ ಕೇಳಿಸಿಕೊಂಡರು ಎಂಬುದು ತಿಳಿಯುತ್ತದೆ, ಆದ್ದರಿಂದಲೇ ಅದು ಬೇಗ ಸುಮ್ಮನಾಗುತ್ತದೆ. ಗದರಿದ ನಾಯಿ ಹೆಚ್ಚು ಹೊತ್ತು ಬೊಗಳುತ್ತದೆ ಎನ್ನುವುದನ್ನು ಆಮೇಲೆ ತಾಶಿಯಲ್ಲಿ ನಾವೇ ಕಂಡಿದ್ದೇವೆ. ಚಿಕ್ಕಮ್ಮ ಅಂದು ಮುಂಡಗೋಡಕ್ಕೆ ಬಂದಿರಲಿಲ್ಲ. ಆದರೂ ಅಜ್ಜಿಯ ಆ ಪದ್ಧತಿಯನ್ನು ಅವಳು ಯಾರೂ ಹೇಳಿಕೊಡದೆ ಹಿಡಿದುಕೊಂಡದ್ದು ಹೇಗೆ ಎನ್ನುವುದು ನನಗೆ ಇಂದಿಗೂ ಸೋಜಿಗ.

ಮರಿಯನ್ನು ಕೊಡುವಾಗ ಅಜ್ಜಿ ಎರಡು ಕರಾರು ಹಾಕಿದಳು. ಇದನ್ನಾಗಲಿ, ಇದರಿಂದ ಹುಟ್ಟಿದ್ದನ್ನಾಗಲಿ ದುಡ್ಡಿಗೆ ಮಾರಬಾರದು. ಹೊರಗೆ ಕಟ್ಟಿಹಾಕಬಾರದು.

ಕೊಟ್ಟು ಪಡೆದ ನಾಯಿ

ಆ ಮೊದಲನೆಯ ಕರಾರು ಅಜ್ಜಿಯ ಸ್ವಂತ ಮನಸ್ಸಿನದಲ್ಲ, ಅದು ಈ ತಳಿಯ ಇಡೀ ಇತಿಹಾಸದಲ್ಲಿ ಹರಿದುಬಂದ ರೂಢಿ. ಟಿಬೆಟಿನಲ್ಲಿ ಅಪ್ಸೊಗಳನ್ನು ಮಾರುವ ಪದ್ಧತಿ ಇರಲಿಲ್ಲ. ಅವು ಉಡುಗೊರೆಯಾಗಿ ಮನೆಯಿಂದ ಮನೆಗೆ, ಮಠದಿಂದ ಅರಮನೆಗೆ ಹೋಗುತ್ತಿದ್ದವು. ಲಾಸಾದಿಂದ ಚೀನಾದ ಚಕ್ರವರ್ತಿಗಳಿಗೆ ಇಂಥ ನಾಯಿಗಳು ಹೋದವೆಂದೂ, ಅಲ್ಲಿಯ ಶಿಟ್ಜು ತಳಿಯಲ್ಲಿ ಅವುಗಳ ರಕ್ತವಿದೆಯೆಂದೂ ಹೇಳುತ್ತಾರೆ. ಇವೆರಡನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಉದ್ಯೋಗ ಹೇಗೆ ನಾಯಿಯನ್ನು ತಿದ್ದುತ್ತದೆ ಎಂಬುದು ಕಾಣುತ್ತದೆ. ಅರಮನೆಯ ಅಂತಃಪುರಕ್ಕೆ ಸೇರಿದ ಶಿಟ್ಜುವಿಗೆ ಚಪ್ಪಟೆ ಮುಖ, ದೊಡ್ಡ ಕಣ್ಣು, ಎಲ್ಲರೊಡನೆ ಸ್ನೇಹ. ಬಾಗಿಲಲ್ಲಿಯೇ ಉಳಿದ ಅಪ್ಸೊಗೆ ಇನ್ನೂ ಸ್ವಲ್ಪ ಮೂತಿ ಇದೆ, ಕಣ್ಣು ಕೂದಲ ಹಿಂದೆ ಅಡಗಿದೆ, ಸ್ನೇಹ ಪರೀಕ್ಷೆಯಾದ ಮೇಲೆ ಮಾತ್ರ.

ಪಶ್ಚಿಮಕ್ಕೆ ಈ ನಾಯಿ ತಲುಪಿದ್ದೂ ಉಡುಗೊರೆಯ ದಾರಿಯಲ್ಲಿಯೇ. ಸುಯ್ಡಮ್ ಕಟ್ಟಿಂಗ್ ಎಂಬ ಅಮೆರಿಕದ ಪ್ರವಾಸಿ ಮತ್ತು ಅವನ ಹೆಂಡತಿಗೆ ಹದಿಮೂರನೆಯ ದಲೈಲಾಮಾ ಒಂದು ಜೋಡಿ ಅಪ್ಸೊಗಳನ್ನು ಕೊಟ್ಟರು. ಅವು 1933ರಲ್ಲಿ ಅಮೆರಿಕ ಸೇರಿದವು, ಅದೇ ವರ್ಷದ ಕೊನೆಯಲ್ಲಿ ದಲೈಲಾಮಾ ತೀರಿಕೊಂಡರು. ಇಂಗ್ಲೆಂಡಿಗೆ ಇನ್ನೂ ಮೊದಲೇ ಕೆಲವು ನಾಯಿಗಳು ಹೋಗಿದ್ದರೂ, ತಳಿ ಅಲ್ಲಿ ನೆಲೆಯೂರಿದ್ದು ಸಿಕ್ಕಿಮಿನಲ್ಲಿ ಬ್ರಿಟಿಷ್ ರಾಜಕೀಯ ಅಧಿಕಾರಿಯಾಗಿದ್ದ ಎಫ್. ಎಂ. ಬೈಲಿ ದಂಪತಿ 1928ರಲ್ಲಿ ತಮ್ಮ ಅಪ್ಸೊಗಳನ್ನು ಕರೆದುಕೊಂಡು ಹೋದ ಮೇಲೆ. ಭಾರತದಲ್ಲಿ ಮಹಿಳೆಯರ ವೈದ್ಯಕೀಯ ಸೇವೆಯಲ್ಲಿದ್ದ ಡಾಕ್ಟರ್ ಗ್ರೇಗ್ ಎಂಬಾಕೆಗೆ 1920ರ ದಶಕದಲ್ಲಿ ಟಿಬೆಟಿನ ವ್ಯಾಪಾರಿಯೊಬ್ಬ ಹೆಂಡತಿಗೆ ಚಿಕಿತ್ಸೆ ಮಾಡಿದ್ದಕ್ಕಾಗಿ ಒಂದು ಹೆಣ್ಣುಮರಿ ಕೊಟ್ಟಿದ್ದ. ಆ ಮರಿಗೆ ಬಂಟಿ ಎಂದು ಹೆಸರು. ಅದು ಅಪ್ಸೊ ಅಲ್ಲ, ಅದರ ನೀಳಕಾಲಿನ ಸೋದರ ತಳಿಯಾದ ಟಿಬೆಟನ್ ಟೆರಿಯರ್. ಆ ಕಾಲದ ಇಂಗ್ಲೆಂಡಿನಲ್ಲಿ ಟಿಬೆಟಿನಿಂದ ಬಂದ ಕೂದಲುನಾಯಿಗಳನ್ನೆಲ್ಲ ಒಂದೇ ಹೆಸರಿನಲ್ಲಿ ಕಲಸಿಬಿಟ್ಟಿದ್ದರು. 1934ರಲ್ಲಿ ಟಿಬೆಟಿನ ತಳಿಗಳಿಗೆಂದೇ ಒಂದು ಸಂಘ ಹುಟ್ಟಿದ ಮೇಲೆ ಅಪ್ಸೊ, ಟಿಬೆಟನ್ ಟೆರಿಯರ್, ಟಿಬೆಟನ್ ಸ್ಪ್ಯಾನಿಯಲ್‌ಗಳು ಬೇರೆ ಬೇರೆಯಾದವು.

ಅಮೆರಿಕದ ಸಂಘ 1935ರಲ್ಲಿ ಅಪ್ಸೊವನ್ನು ಸೇರಿಸಿಕೊಂಡಾಗ ಅದನ್ನು ಟೆರಿಯರ್ ಗುಂಪಿನಲ್ಲಿ ಕೂರಿಸಿತು. ಟೆರಿಯರ್‌ಗಳೆಂದರೆ ಬಿಲ ತೋಡಿ ಇಲಿ, ನರಿಗಳನ್ನು ಹಿಡಿಯುವ ನಾಯಿಗಳು. ಅಪ್ಸೊ ತನ್ನ ಇತಿಹಾಸದಲ್ಲಿ ಯಾವ ಬಿಲವನ್ನೂ ತೋಡಿದ್ದಲ್ಲ. 1950ರ ದಶಕದಲ್ಲಿ ಈ ಗೊಂದಲ ಗಮನಕ್ಕೆ ಬಂದು, ಬೇಟೆಗೆ ಸಂಬಂಧವಿಲ್ಲದ ಇತರ ನಾಯಿಗಳ ಗುಂಪಿಗೆ ಅದನ್ನು ವರ್ಗಾಯಿಸಿದರು. ಒಂದು ಕಡೆ ಟೆರಿಯರ್, ಇನ್ನೊಂದು ಕಡೆ ಒಡನಾಟದ ನಾಯಿ. ಒಳಮನೆಯ ಕಾವಲುನಾಯಿ ಎನ್ನುವ ಗುಂಪು ಮಾತ್ರ ಯಾವ ಪಟ್ಟಿಯಲ್ಲಿಯೂ ಇಲ್ಲ. ಪಶ್ಚಿಮದ ಮನೆಗಳಲ್ಲಿ ಅಂಥ ಹುದ್ದೆಯೇ ಇರಲಿಲ್ಲವಾದ್ದರಿಂದ ಅದಕ್ಕೆ ಕಾಲಂ ಕೂಡ ಇರಲಿಲ್ಲ ಎಂದು ನನ್ನ ಊಹೆ.

ರಕ್ತದ ಸಾಕ್ಷ್ಯವೂ ಇದೆ. 2004ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ 85 ತಳಿಗಳ ವಂಶವಾಹಿಗಳನ್ನು ಹೋಲಿಸಿ, ತೋಳಕ್ಕೆ ಹೆಚ್ಚು ಸಮೀಪವಿರುವ ತಳಿಗಳನ್ನು ಗುರುತಿಸಿತು. ಆ ಚಿಕ್ಕ ಗುಂಪಿನಲ್ಲಿ ಸೈಬೀರಿಯನ್ ಹಸ್ಕಿಯ ಜೊತೆಗೆ ಲಾಸಾ ಅಪ್ಸೊ, ಶಿಟ್ಜು, ಪೆಕಿಂಗೀಸ್‌ಗಳೂ ಇದ್ದವು. ಇದನ್ನು ಓದಿದವರು ತಮ್ಮ ಸೋಫಾದ ಮೇಲೆ ತೋಳ ಮಲಗಿದೆ ಎಂದು ಹೆಮ್ಮೆಪಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಲ್ಲಿ ಹೊಸ ತಳಿಗಳನ್ನು ಸೃಷ್ಟಿಸಲು ನಡೆದ ಭಾರೀ ಬೆರಕೆಯಿಂದ ಇವು ದೂರ ಉಳಿದಿದ್ದವು ಎನ್ನುವುದೇ ಅದರ ಮುಖ್ಯ ಅರ್ಥ. ಆದರೆ ನನ್ನ ವಾದಕ್ಕೆ ಅಷ್ಟು ಸಾಕು. ಯಾರೋ ಶೋಕಿಗಾಗಿ ಇತ್ತೀಚೆಗೆ ಹೊಂದಿಸಿದ ಸ್ವಭಾವ ಇದಲ್ಲ.

ಮಳೆ, ಕೂದಲು, ಉಂಬಳ

ಎಲ್ಲವನ್ನೂ ಸಮರ್ಥಿಸಲು ನಾನು ಹೊರಟಿಲ್ಲ. ಶಿರಸಿಯ ಮಳೆಗಾಲಕ್ಕೂ ಈ ನಾಯಿಗೂ ಹೊಂದುವುದಿಲ್ಲ ಎನ್ನುವುದನ್ನು ಒಪ್ಪಬೇಕು. ಲಾಸಾ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ, ಅಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿಗಿಂತ ಕಡಿಮೆ. ನಮ್ಮಲ್ಲಿ ಆಷಾಢದ ಒಂದು ಹದಿನೈದು ದಿನದಲ್ಲಿಯೇ ಅಷ್ಟು ಮಳೆ ಸುರಿದುಹೋಗುವುದುಂಟು. ಅಪ್ಸೊದ ಕೂದಲು ಎರಡು ಪದರಿನದು: ಹೊರಗೆ ಭಾರವಾದ, ಗಡಸಾದ ನೀಳ ಕೂದಲು, ಒಳಗೆ ಮೆತ್ತನೆಯ ಹೊದಿಕೆ. ಒಣ ಚಳಿ, ಧೂಳು ತುಂಬಿದ ಗಾಳಿ, ಹಿಮದ ಮೇಲಿನ ಪ್ರಖರ ಬಿಸಿಲು ಇವುಗಳಿಗೆ ಅದು ತಕ್ಕ ಉತ್ತರ. ಕಣ್ಣಿನ ಮೇಲೆ ಬೀಳುವ ಕುಚ್ಚು ಕೂಡ ಬಿಸಿಲು ಮತ್ತು ಧೂಳಿಗೆ ಹಿಡಿದ ಮರೆ. ಅದೇ ಕೂದಲು ಜೂನ್ ಬಂತೆಂದರೆ ನಮ್ಮಲ್ಲಿ ಒಣಗುವುದೇ ಇಲ್ಲ. ಕಂಕುಳಲ್ಲಿ, ಕಿವಿಯ ಹಿಂದೆ ಜಡೆಗಟ್ಟುತ್ತದೆ, ಅದರ ಅಡಿಯಲ್ಲಿ ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ. ತೋಟಕ್ಕೆ ಹೋಗಿಬಂದರೆ ಉಂಬಳ, ಅಂದರೆ ಜಿಗಣೆ, ಕೂದಲೊಳಗೆ ಎಲ್ಲಿ ಹತ್ತಿಕೊಂಡಿದೆ ಎಂದು ಹುಡುಕುವುದೇ ಒಂದು ಕೆಲಸ. ರಕ್ತ ಕುಡಿದು ಉದುರಿದ ಮೇಲೆ ಜಗಲಿಯ ಮೇಲಿನ ಕಲೆಯಿಂದಲೇ ಎಷ್ಟೋ ಸಲ ವಿಷಯ ತಿಳಿಯುವುದು. ಉಂಬಳಕ್ಕಿಂತ ಉಣುಗು ಅಪಾಯಕಾರಿ, ಏಕೆಂದರೆ ನಾಯಿಯ ರಕ್ತಕ್ಕೆ ಜ್ವರ ತರುವ ಸೂಕ್ಷ್ಮಜೀವಿಗಳನ್ನು ಅದು ಹರಡುತ್ತದೆ.

ಚಿಕ್ಕಮ್ಮನ ಪರಿಹಾರ ಸರಳವಾದದ್ದು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಕತ್ತರಿ ಹಿಡಿದು ತಾಶಿಯ ಕೂದಲನ್ನು ಒಂದು ಅಂಗುಲಕ್ಕೆ ಇಳಿಸಿಬಿಡುತ್ತಾಳೆ, ದಿನವೂ ಸಂಜೆ ಬಚ್ಚಲ ಒಲೆಯ ಎದುರು ಕೂರಿಸಿ ಮೈ ಒಣಗಿಸುತ್ತಾಳೆ. ತಾಶಿ ಇದನ್ನು ಸಹಿಸುತ್ತದೆಯೇ ಹೊರತು ಇಷ್ಟಪಡುವುದಿಲ್ಲ. ಚಂದವೆಲ್ಲ ಹೋಯಿತೆಂದು ಮಕ್ಕಳು ಗಲಾಟೆ ಮಾಡುತ್ತಾರೆ. ನೆಲಕ್ಕೆ ತಾಗುವಷ್ಟು ನೀಳವಾಗಿ, ನಡುಬೆನ್ನಿನಿಂದ ಬೈತಲೆ ತೆಗೆದು ಬಾಚಿದ ರೇಷ್ಮೆಯಂಥ ಕೂದಲು ಚಿತ್ರಗಳಲ್ಲಿ ಕಾಣುವುದು ಪ್ರದರ್ಶನಗಳ ಸೃಷ್ಟಿ. ಮಠದ ಮೆಟ್ಟಿಲಲ್ಲಿ ಕುಳಿತ ನಾಯಿಗೆ ಅಷ್ಟು ಬಾಚುವವರು ಯಾರಿದ್ದರು? ಕೂದಲು ಹೋದರೂ ಉಳಿಯುವುದು ಸ್ವಭಾವ. ಕತ್ತರಿಸಿದ ತಾಶಿ ಬೊಗಳುವುದು ಅಷ್ಟೇ ದಪ್ಪ ದನಿಯಲ್ಲಿ.

ಕಾರವಾರದ ಕಡೆ ಅಥವಾ ಕುಮಟೆ, ಹೊನ್ನಾವರಗಳಲ್ಲಿ ಮನೆಯಿರುವವರು ಇಂಥ ನಾಯಿ ಸಾಕಬಹುದೇ ಎಂದು ಕೇಳುತ್ತಾರೆ. ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ಕಷ್ಟವಿದೆ. ಹಾಗಿದ್ದರೂ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿ ದೇಶವನ್ನೆಲ್ಲ ಮರುಳು ಮಾಡಿದ ಪಗ್‌ಗಿಂತ ಇದು ವಾಸಿ, ಏಕೆಂದರೆ ಪಗ್‌ನ ಮೂಗು ಮುಖದೊಳಗೇ ಹುದುಗಿಹೋಗಿದೆ, ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ತೇಕುವ ಉಸಿರಿನಿಂದ. ಅಪ್ಸೊಗೆ ತಕ್ಕಮಟ್ಟಿನ ಮೂತಿ ಇರುವುದರಿಂದ ಉಸಿರಿಗೆ ಅಷ್ಟು ತೊಂದರೆಯಿಲ್ಲ. ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುವ ಮೂತ್ರಪಿಂಡದ ದೋಷ, ಕಣ್ಣು ಒಣಗುವ ಕಾಯಿಲೆ ಇವು ಕೆಲವು ನಾಯಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಉಳಿದಂತೆ ಗಟ್ಟಿ ಜೀವ. ಹನ್ನೆರಡರಿಂದ ಹದಿನೈದು ವರ್ಷ ಬದುಕುವುದು ಸಾಮಾನ್ಯ.

ಜಗಲಿಯ ಮೇಲೆ

ನಮ್ಮ ತೋಟದ ಮನೆಗಳಲ್ಲಿ ನಾಯಿಗೆ ಎಂದಿನಿಂದಲೂ ಕೆಲಸವಿದೆ. ಬಾಳೆ, ಅಡಕೆಗೆ ಬರುವ ಮಂಗಗಳನ್ನು ಓಡಿಸಬೇಕು, ರಾತ್ರಿ ಹಂದಿ ಬಂದರೆ ಕೂಗಬೇಕು. ಅಂಥ ನಾಯಿಗಳು ಅಂಗಳದಲ್ಲಿ, ಕೊಟ್ಟಿಗೆಯ ಬದಿಯಲ್ಲಿ ಮಲಗುತ್ತವೆ, ಮತ್ತು ನಮ್ಮ ಕಾಡುಬದಿಯ ಊರುಗಳಲ್ಲಿ ಚಿರತೆಗೆ ಮೊದಲು ತುತ್ತಾಗುವುವೂ ಅವೇ. ಚಿಕ್ಕಪ್ಪನ ಮನೆಯಲ್ಲಿ ಕಾಳು ಎಂಬ ನಾಡನಾಯಿ ಈಗಲೂ ಅಂಗಳ ನೋಡಿಕೊಳ್ಳುತ್ತದೆ, ಕತ್ತಲಾದ ಮೇಲೆ ಅದನ್ನು ಅಡಕೆ ಸುಲಿಯುವ ಕೋಣೆಯಲ್ಲಿ ಕೂಡುತ್ತಾರೆ. ತಾಶಿ ಮನೆಯೊಳಗೆ. ಯಾರೂ ಕಲಿಸದೆಯೇ ಟಿಬೆಟಿನ ಹಳೆಯ ಏರ್ಪಾಡು ಇಲ್ಲಿ ತಾನಾಗಿ ಸ್ಥಾಪನೆಯಾಯಿತು. ಕಾಳು ಬೊಗಳಿದರೆ ತಾಶಿ ಕಿವಿ ನಿಮಿರಿಸುತ್ತದೆ, ಬೊಗಳುವುದಿಲ್ಲ. ಕಾಳು ಸುಮ್ಮನಿದ್ದು ತಾಶಿ ಬೊಗಳಿದರೆ ಚಿಕ್ಕಪ್ಪ ಎದ್ದು ದೀಪ ಹಾಕುತ್ತಾನೆ.

ಹಗಲು ಅದರ ಜಾಗ ಜಗಲಿಯ ತುದಿಯ ಕಟ್ಟೆ. ಅಲ್ಲಿಂದ ಅಂಗಳದ ಹೊರಬಾಗಿಲಾದ ದಣಪೆ ಕಾಣುತ್ತದೆ, ಒಳಗಿನ ಬಾಗಿಲೂ ಕಾಣುತ್ತದೆ. ಹಿಂದೆ ಅದೇ ಕಟ್ಟೆಯ ಮೇಲೆ ನಮ್ಮ ಅಜ್ಜ ಎಲೆಅಡಕೆಯ ಕವಳದ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಬಂದವರನ್ನು ಕಂಡರೆ ಅಜ್ಜ ಮೊದಲು "ಯಾವೂರಾತು?" ಎನ್ನುತ್ತಿದ್ದ, ಆಮೇಲೆ ಯಾರ ಮನೆ, ತಾಯಿಯ ತವರು ಯಾವುದು, ಬಂದ ಕೆಲಸವೇನು, ಉತ್ತರಗಳು ಸಮಾಧಾನ ತಂದರೆ ಮಾತ್ರ ಕವಳದ ತಟ್ಟೆ ಮುಂದಕ್ಕೆ ಸರಿಯುತ್ತಿತ್ತು. ತಾಶಿ ಮಾಡುವುದು ಅದನ್ನೇ. ಅಜ್ಜನನ್ನು ಯಾರೂ ಸ್ವಭಾವ ಸರಿಯಿಲ್ಲದವನು ಎಂದದ್ದಿಲ್ಲ. ಮನೆಯ ಹಿರಿಯ ಎಂದರೆ ಹಾಗೆಯೇ ಎಂದುಕೊಂಡು ಜಗಲಿಯ ಕೆಳಗೆ ನಿಂತೇ ಉತ್ತರ ಕೊಡುತ್ತಿದ್ದರು.

ಒಂದು ಮಧ್ಯಾಹ್ನದ ಸಂಗತಿ ನೆನಪಿನಲ್ಲಿದೆ. ಅಡಕೆ ಕೊಯ್ಲು ಮುಗಿದ ಕಾಲ. ಹಸಿ ಅಡಕೆ ಖರೀದಿಗೆಂದು ಅಪರಿಚಿತನೊಬ್ಬ ಬಂದ, ಮಾತಿನಲ್ಲಿ ಬಹಳ ನಯ. ಬರುವಾಗಲೇ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ನಾಯಿಯ ಮುಂದೆ ಹಿಡಿದ. ತಾಶಿ ಬಿಸ್ಕತ್ತನ್ನು ನೋಡಿತು, ಅವನನ್ನು ನೋಡಿತು, ಕಟ್ಟೆಯಿಂದ ಇಳಿಯದೆ ಗಂಟಲಲ್ಲಿಯೇ ಗುರುಗುಟ್ಟಿತು. ಅವನು ಕುಳಿತು ಮಾತಾಡುವಷ್ಟೂ ಹೊತ್ತು ಆ ಗುರುಗುಟ್ಟುವಿಕೆ ನಿಲ್ಲಲಿಲ್ಲ. ಚಿಕ್ಕಪ್ಪನ ಮಗ ವ್ಯವಹಾರ ಮುರಿಯಿತೆಂದು ಸಿಟ್ಟಾದ; ಚಿಕ್ಕಪ್ಪ ಸೊಸೈಟಿಗೇ ಹಾಕಿದರಾಯಿತು ಎಂದು ಸುಮ್ಮನಾದ. ಆ ಮನುಷ್ಯ ಮೋಸಗಾರನಾಗಿದ್ದ ಎಂದು ಆಮೇಲೆ ಗೊತ್ತಾಯಿತು ಎಂದು ಬರೆದರೆ ಕಥೆಗೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಹಾಗೇನೂ ಆಗಲಿಲ್ಲ. ಪಕ್ಕದ ಮನೆಯವರು ಅವನಿಗೇ ಅಡಕೆ ಕೊಟ್ಟರು, ದುಡ್ಡು ಸರಿಯಾಗಿ ಬಂತು. ತಾಶಿಗೆ ಮನುಷ್ಯರ ಮನಸ್ಸನ್ನು ಓದುವ ದಿವ್ಯಶಕ್ತಿ ಇಲ್ಲ. ಅದಕ್ಕೆ ಇರುವುದು ಸಂಶಯ ಮಾತ್ರ, ಮತ್ತು ಆ ಸಂಶಯವನ್ನು ಬಿಸ್ಕತ್ತಿಗೆ ಬಿಟ್ಟುಕೊಡದ ಹಟ. ಅದೇ ಮುಂಗಾರಿನಲ್ಲಿ, ಲೈನ್ ಸರಿಮಾಡಲು ಒದ್ದೆಯಾಗಿ ಬಂದ ಹುಡುಗನ ಕಾಲ ಬಳಿ ತಾನೇ ಹೋಗಿ ಕುಳಿತದ್ದನ್ನೂ ನಾನು ಕಂಡಿದ್ದೇನೆ. ಅದರ ಲೆಕ್ಕ ನಮಗೆ ಸಿಗುವುದಿಲ್ಲ.

ಮನೆಯವರ ಜೊತೆ ಅದರ ನಡತೆಯೇ ಬೇರೆ. ಚಿಕ್ಕಮ್ಮನಿಗೆ ಜ್ವರ ಬಂದು ಮಲಗಿದ ವಾರ ಅದು ಮಂಚದ ಕೆಳಗಿಂದ ಊಟಕ್ಕೆ ಬಿಟ್ಟರೆ ಏಳಲಿಲ್ಲ. ಆದರೆ ಚಿಕ್ಕಮ್ಮ ಕರೆದಾಗ ಬರುವುದು ಮಾತ್ರ ತನಗೆ ಮನಸ್ಸಿದ್ದರೆ. ತರಬೇತಿ ಕೊಡಬೇಕೆಂದು ಚಿಕ್ಕಪ್ಪನ ಮಗ ಹಟ ಹಿಡಿದು ಕಲಿಸಿದ ಪಾಠಗಳಲ್ಲಿ 'ಕೂರು' ಎನ್ನುವುದನ್ನು ಅದು ಒಂದೇ ದಿನದಲ್ಲಿ ಕಲಿತು, ಮರುದಿನದಿಂದ ಪಾಲಿಸುವುದನ್ನು ಬಿಟ್ಟಿತು. ಚಿಕ್ಕ ಮಕ್ಕಳು ಕಿವಿ ಹಿಡಿದೆಳೆದರೆ ಸಹಿಸುವುದಿಲ್ಲ, ಎದ್ದುಹೋಗುತ್ತದೆ. ಹೋಗಲು ದಾರಿ ಕೊಡದಿದ್ದರೆ ಹಲ್ಲು ತೋರಿಸುತ್ತದೆ. ತೀರ ಸಣ್ಣ ಮಕ್ಕಳಿರುವ ಮನೆಗೆ ಇದು ಬೇಡ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಲಾಸಾ ಎಂದು ಮಾರುವ ಮರಿಗಳನ್ನು ನೋಡಿದ್ದೇನೆ. ಎಷ್ಟೋ ಸಲ ಅವು ಶಿಟ್ಜುವಿನ ಅಥವಾ ಪಾಮೇರಿಯನ್ನಿನ ಬೆರಕೆ. ಬೆರಕೆಯಲ್ಲಿ ತಪ್ಪೇನಿಲ್ಲ, ನಾಯಿ ನಾಯಿಯೇ. ಆದರೆ ಕೊಳ್ಳುವವರು ಕೂದಲು ನೋಡಿ ಕೊಳ್ಳುತ್ತಾರೆ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಬಂದ ಸದ್ದು, ಎದುರುಮನೆಯ ಕೀಲಿಯ ಸದ್ದು, ದಿನಕ್ಕೆ ಹತ್ತು ಸಲ ಪಾರ್ಸೆಲ್ ತರುವವರ ಹೆಜ್ಜೆಯ ಸದ್ದು ಎಲ್ಲವನ್ನೂ ವಿಂಗಡಿಸುವ ಕೆಲಸ ಆ ಕಿವಿಗಳ ಮೇಲೆ ಬೀಳುತ್ತದೆ. ಅಕ್ಕಪಕ್ಕದವರು ದೂರುತ್ತಾರೆ. ವರ್ಷ ತುಂಬುವುದರೊಳಗೆ 'ಒಳ್ಳೆಯ ಮನೆಗೆ ಕೊಡುತ್ತೇವೆ' ಎಂಬ ಪೋಸ್ಟು ಫೋಟೋ ಸಮೇತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತದೆ, ಕಾರಣದ ಜಾಗದಲ್ಲಿ ಸ್ವಭಾವ ಎಂದಿರುತ್ತದೆ.

ತಾಶಿಯನ್ನು ನೋಡಿದವರಲ್ಲಿ ಕೆಲವರು, ಬೈಸಿಕೊಂಡವರೂ ಸೇರಿ, ಇಂಥದ್ದೇ ಮರಿ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ಚಿಕ್ಕಪ್ಪನನ್ನು ಕೇಳುತ್ತಾರೆ. ದುಡ್ಡಿನ ಮಾತಿಗೆ ಅವನು ಉತ್ತರ ಕೊಡುವುದಿಲ್ಲ. ಮುಂಡಗೋಡದ ಆ ಮನೆಯ ಗುರುತು ಹೇಳುತ್ತಾನೆ, ಹೋಗಿ ಹೊಸ್ತಿಲ ಹೊರಗೆ ನಿಂತಿರಿ, ಒಳಗಿರುವ ನಾಯಿ ಒಪ್ಪಿದರೆ ಆಮೇಲೆ ಮೋಲಾಳನ್ನು ಕೇಳಿ ಎನ್ನುತ್ತಾನೆ. ಈವರೆಗೆ ಹೋದವರು ಇಬ್ಬರು. ಒಬ್ಬರಿಗೆ ಮರಿ ಸಿಕ್ಕಿತು, ಇನ್ನೊಬ್ಬರಿಗೆ ಚಹಾ.